ನಾನೊಬ್ಬ ಏನು ಮಾಡಬಲ್ಲೆ? ಬೆಜವಾಡ ಮತ್ತು ವಾಲ್ಟೇರ್ ಹೇಳುವ ಉತ್ತರ



ಹತ್ತನೇ ತರಗತಿಯಲ್ಲಿ ಸ್ವಾತಂತ್ರ್ಯ ಹೋರಾಟದ ಪಾಠ ಮುಗಿಸುವ ದಿನ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಸರ್, ಅದೆಲ್ಲ ದೊಡ್ಡೋರು ಮಾಡಿದ್ದು. ನಾನೊಬ್ಬ ಏನ್ ಮಾಡೋಕಾಗುತ್ತೆ?" ಕೇಳುವ ಹುಡುಗ ಅಥವಾ ಹುಡುಗಿ ಬೇರೆ, ಪ್ರಶ್ನೆ ಅದೇ. ಬಹಳ ವರ್ಷ ನಾನು ಇದಕ್ಕೆ ಸಿದ್ಧ ಉತ್ತರ ಕೊಡ್ತಿದ್ದೆ: "ಹನಿ ಹನಿ ಗೂಡಿದರೆ ಹಳ್ಳ." ಮಕ್ಕಳು ತಲೆಯಾಡಿಸಿ ನೋಟ್ಸ್ ಮುಚ್ಚುತ್ತಿದ್ದರು. ಅವರಿಗೆ ಸಮಾಧಾನವಾಗಿಲ್ಲ ಅಂತ ನನಗೆ ಗೊತ್ತಾಗ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಆಗಿರಲಿಲ್ಲ.

ಯಾಕೆಂದರೆ ಆ ಗಾದೆ ಅರ್ಧ ಮಾತ್ರ ಹೇಳುತ್ತದೆ. ಹನಿ ಕೂಡಲು ಯಾರಾದರೂ ಕಾಲುವೆ ತೋಡಬೇಕು. ಇನ್ನೊಂದು ಕಡೆ, ನಮ್ಮ ಸಿನಿಮಾಗಳು ಕಲಿಸಿದ ಉತ್ತರವಿದೆ: ಒಬ್ಬ ವೀರ ಬರುತ್ತಾನೆ, ಎಲ್ಲವನ್ನೂ ಬದಲಾಯಿಸುತ್ತಾನೆ, ಉಳಿದವರು ಜೈಕಾರ ಹಾಕುತ್ತಾರೆ. ಒಂದು ಉತ್ತರದಲ್ಲಿ ವ್ಯಕ್ತಿ ಕಾಣದಷ್ಟು ಸಣ್ಣವನು, ಇನ್ನೊಂದರಲ್ಲಿ ಮುಟ್ಟಲಾರದಷ್ಟು ದೊಡ್ಡವನು. ಎರಡರಲ್ಲೂ ನಿಮಗೆ, ನನಗೆ ಮಾಡಲು ಕೆಲಸವೇ ಇಲ್ಲ.

ನಾನು ಉರ್ದು ಮತ್ತು ಕನ್ನಡ ಎರಡರಲ್ಲೂ ಪಾಠ ಮಾಡುವವನು. ಹಾಗಾಗಿ ಮೊದಲು ಪದಗಳನ್ನೇ ನೋಡುತ್ತೇನೆ. ಉರ್ದುವಿನ 'ಇನ್‌ಕಿಲಾಬ್' ಅರಬ್ಬಿಯಿಂದ ಬಂದದ್ದು. ಅದರ ಮೂಲಾರ್ಥ ಮಗುಚುವುದು, ತಿರುಗುವುದು. ಹೃದಯ ಎಂಬ ಅರ್ಥದ 'ಕಲ್ಬ್' ಕೂಡ ಅದೇ ಧಾತುವಿನದು. ಕನ್ನಡಕ್ಕೆ ಸಂಸ್ಕೃತದಿಂದ ಬಂದ 'ಕ್ರಾಂತಿ'ಯ ಮೂಲದಲ್ಲಿರುವುದು ಹೆಜ್ಜೆ ಇಡುವುದು. 'ಕ್ರಮ' ಅದರ ಒಡಹುಟ್ಟು. ಅಂದರೆ ಒಂದು ಭಾಷೆ ಒಳಗಿನ ತಿರುವನ್ನು ಹೇಳುತ್ತದೆ, ಇನ್ನೊಂದು ಕಾಲಿನ ಹೆಜ್ಜೆಯನ್ನು. ರಾಜಕೀಯ ಬದಲಾವಣೆಗೆ ಎರಡೂ ಬೇಕು. ಆದರೆ ಹೆಜ್ಜೆ ಯಾರದ್ದು, ಅದನ್ನು ಯಾರ ಹೆಜ್ಜೆಯ ಜೊತೆ ಸೇರಿಸುವುದು?

ಇದಕ್ಕೆ ನನಗೆ ಸಿಕ್ಕ ಒಳ್ಳೆಯ ಉತ್ತರ ಎರಡು ಊರುಗಳಲ್ಲಿದೆ. ಎರಡೂ ಆಂಧ್ರದ ಕರಾವಳಿಯ ಒಂದೇ ರೈಲು ಹಳಿಯ ಮೇಲಿವೆ, ನಡುವೆ ಸುಮಾರು 350 ಕಿ.ಮೀ. ಒಂದು ವಿಜಯವಾಡ, ಆಗಿನ ಹೆಸರು ಬೆಜವಾಡ. ಇನ್ನೊಂದು ವಿಶಾಖಪಟ್ಟಣ, ಆಗಿನ ರೈಲು ನಿಲ್ದಾಣದ ಹೆಸರು ವಾಲ್ಟೇರ್. ವರ್ಷವೂ ಒಂದೇ: 1921.

ಬೆಜವಾಡ: ಕ್ರಾಂತಿಗೆ ಒಂದು ಲೆಕ್ಕ

1920ರ ಡಿಸೆಂಬರ್‌ನಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನ ಅಸಹಕಾರ ಚಳವಳಿಯನ್ನು ಒಪ್ಪಿಕೊಂಡಿತ್ತು. ಖಿಲಾಫತ್ ಚಳವಳಿಯ ಮುಸ್ಲಿಂ ನಾಯಕರು ಅದರಲ್ಲಿ ಹೆಗಲಿಗೆ ಹೆಗಲು ಕೊಟ್ಟಿದ್ದರು. ಒಂದು ವರ್ಷದಲ್ಲಿ ಸ್ವರಾಜ್ಯ ಎಂಬ ಮಾತು ಎಲ್ಲರ ಬಾಯಲ್ಲಿತ್ತು. ಆದರೆ ಹಳ್ಳಿಯ ಒಬ್ಬ ನೇಕಾರ, ಪೇಟೆಯ ಒಬ್ಬ ಗುಮಾಸ್ತ, ಮನೆಯೊಳಗಿನ ಒಬ್ಬ ಹೆಂಗಸು ನಾಳೆ ಬೆಳಗ್ಗೆ ಎದ್ದು ಏನು ಮಾಡಬೇಕು?

1921ರ ಮಾರ್ಚ್ 31 ಮತ್ತು ಏಪ್ರಿಲ್ 1ರಂದು ಬೆಜವಾಡದಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಇದಕ್ಕೆ ಉತ್ತರ ಕೊಟ್ಟಿತು. ಜೂನ್ 30ರ ಒಳಗೆ ಮೂರು ಕೆಲಸ ಆಗಬೇಕು: ಒಂದು ಕೋಟಿ ಸದಸ್ಯರು, ತಿಲಕ್ ಸ್ವರಾಜ್ಯ ನಿಧಿಗೆ ಒಂದು ಕೋಟಿ ರೂಪಾಯಿ, ಮನೆಗಳಲ್ಲಿ 20 ಲಕ್ಷ ಚರಕ. ಬೆಜವಾಡ ಕಾರ್ಯಕ್ರಮ ಅಂತ ಕರೆಯುವುದು ಇದನ್ನೇ.

ಮೊದಲ ಸಲ ಓದಿದಾಗ ನನಗೆ ಇದು ತುಂಬಾ ಸಪ್ಪೆ ಅನ್ನಿಸಿತ್ತು. ಸಾಮ್ರಾಜ್ಯವನ್ನೇ ಅಲುಗಿಸಲು ಹೊರಟವರು ಅಂಗಡಿ ಲೆಕ್ಕ ಬರೀತಿದ್ದಾರಲ್ಲ ಅಂತ. ನಂತರ ಅದರ ಜಾಣತನ ತಿಳೀತು. ನಾಗಪುರದಲ್ಲಿ ಸದಸ್ಯತ್ವದ ಶುಲ್ಕ ನಾಲ್ಕಾಣೆ ಎಂದು ನಿಗದಿಯಾಗಿತ್ತು. ನಾಲ್ಕಾಣೆ ಅಂದರೆ ಕಾಲು ರೂಪಾಯಿ. ಅದನ್ನು ಕೂಲಿಯವನೂ ಹೇಗಾದರೂ ಹೊಂದಿಸಬಹುದು. ಚರಕ ನೂಲಲು ಭಾಷಣ ಕಲೆ ಬೇಕಿಲ್ಲ, ವಕೀಲಿ ಓದಬೇಕಿಲ್ಲ, ಪರದೆಯಿಂದ ಹೊರಗೆ ಬರಲೂ ಬೇಕಿಲ್ಲ. ಒಬ್ಬ ವ್ಯಕ್ತಿಯ ಪಾಲನ್ನು ಯಾರು ಬೇಕಾದರೂ ಮಾಡಬಹುದಾದಷ್ಟು ಸಣ್ಣದು ಮಾಡಿದರು. ಅದನ್ನು ಮಾಡಿದ್ದಾರೋ ಇಲ್ಲವೋ ಅಂತ ಎಣಿಸಲೂಬಹುದಿತ್ತು.

ಎಣಿಸುವವರು ಯಾರು? ಅದಕ್ಕೂ ವ್ಯವಸ್ಥೆ ಇತ್ತು. ನಾಗಪುರದಲ್ಲಿ ಕಾಂಗ್ರೆಸ್ಸಿನ ರಚನೆಯೇ ಬದಲಾಗಿತ್ತು. ಹಳ್ಳಿ, ತಾಲ್ಲೂಕು, ಜಿಲ್ಲೆ, ಪ್ರಾಂತ್ಯ ಹೀಗೆ ಸಮಿತಿಗಳು. ಪ್ರಾಂತ್ಯಗಳನ್ನು ಬ್ರಿಟಿಷರ ಗಡಿಯಂತೆ ಅಲ್ಲ, ಭಾಷೆಯಂತೆ ವಿಂಗಡಿಸಿದರು. ಹಾಗಾಗಿಯೇ ಮುಂಬೈ, ಮದ್ರಾಸ್, ಹೈದರಾಬಾದ್, ಮೈಸೂರು ಅಂತ ಹರಿದು ಹಂಚಿಹೋಗಿದ್ದ ಕನ್ನಡಿಗರಿಗೂ ಒಂದು ಕರ್ನಾಟಕ ಪ್ರಾಂತ್ಯ ಸಮಿತಿ ಸಿಕ್ಕಿತು. ನಮ್ಮವರು ತಮ್ಮ ನಾಲ್ಕಾಣೆಯನ್ನು ತಮ್ಮದೇ ಭಾಷೆಯ ರಸೀದಿಗೆ ಕೊಡುವಂತಾಯಿತು. ಗಾದೆಯ ಹನಿಗೆ ಬೇಕಾದ ಕಾಲುವೆ ಇದೇ.

ಫಲ ಏನಾಯಿತು? ನಿಧಿ ಒಂದು ಕೋಟಿಯನ್ನು ದಾಟಿತು. ಮುಂಬೈನ ವ್ಯಾಪಾರಿಗಳ ದೊಡ್ಡ ಮೊತ್ತವೂ ಅದರಲ್ಲಿತ್ತು, ಸಭೆಗಳಲ್ಲಿ ಹೆಂಗಸರು ಬಿಚ್ಚಿಕೊಟ್ಟ ಬಳೆ ಓಲೆಗಳೂ ಇದ್ದವು. ಸದಸ್ಯರು ಸುಮಾರು 50 ಲಕ್ಷ ಆದರು. ಗುರಿಯ ಅರ್ಧ. ಸೋಲು ಅನ್ನಬಹುದು. ಆದರೆ ಅದಕ್ಕೂ ಮುಂಚೆ ಕಾಂಗ್ರೆಸ್ ಅಂದರೆ ವರ್ಷಕ್ಕೊಮ್ಮೆ ಸೇರಿ ಠರಾವು ಮಾಡುವ ವಿದ್ಯಾವಂತರ ಕೂಟ ಎಂಬುದನ್ನು ನೆನಪಿಟ್ಟುಕೊಳ್ಳಿ.

ಅದೇ ಬೆಜವಾಡದಲ್ಲಿ ಇನ್ನೊಂದು ಸಂಗತಿ ನಡೆಯಿತು. ಮಚಲಿಪಟ್ಟಣ ಕಡೆಯ ಪಿಂಗಳಿ ವೆಂಕಯ್ಯ ಎಂಬುವರು ವರ್ಷಗಟ್ಟಲೆ ಒಂದೇ ಹಟ ಹಿಡಿದಿದ್ದರು: ದೇಶಕ್ಕೊಂದು ಬಾವುಟ ಬೇಕು. 1916ರಲ್ಲಿ ಅದಕ್ಕಾಗಿ ಒಂದು ಪುಸ್ತಿಕೆಯನ್ನೇ ಹೊರತಂದಿದ್ದರು. ಬೆಜವಾಡದಲ್ಲಿ ಅವರು ಗಾಂಧೀಜಿಗೆ ಕೆಂಪು ಮತ್ತು ಹಸಿರಿನ ಬಾವುಟದ ವಿನ್ಯಾಸ ಕೊಟ್ಟರು. ಚರಕ ಇರಲಿ ಎಂದವರು ಜಲಂಧರದ ಲಾಲಾ ಹಂಸರಾಜ್. ಉಳಿದ ಧರ್ಮದವರಿಗಾಗಿ ಬಿಳಿ ಬಣ್ಣ ಸೇರಿಸಿದವರು ಗಾಂಧೀಜಿ. 1931ರಲ್ಲಿ ಬಣ್ಣಗಳು ಮತ್ತೆ ಬದಲಾದವು, 1947ರ ಜುಲೈ 22ರಂದು ಸಂವಿಧಾನ ಸಭೆ ಚರಕದ ಜಾಗದಲ್ಲಿ ಅಶೋಕ ಚಕ್ರ ಇಟ್ಟಿತು. ವೆಂಕಯ್ಯನವರು 1963ರಲ್ಲಿ ಬಡತನದಲ್ಲೇ ತೀರಿಕೊಂಡರು. ಅವರಿಗೆ ಸಿಗಬೇಕಾದ ಗೌರವ ಬದುಕಿದ್ದಾಗ ಸಿಗಲಿಲ್ಲ, ಅದು ನಮ್ಮ ತಪ್ಪು. ಆದರೆ ಅವರ ಕೆಲಸವನ್ನು ಗಮನಿಸಿ: ಒಬ್ಬರು ಶುರು ಮಾಡಿದ್ದನ್ನು ಇನ್ನೊಬ್ಬರು ತಿದ್ದಿ ಮುಂದುವರಿಸಬಹುದಾಗಿತ್ತು. ಅದಕ್ಕೇ ಅದು ಉಳಿಯಿತು. ಇವತ್ತು ಅದೇ ಬಾವುಟವನ್ನು ನಮ್ಮ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘದಲ್ಲಿ ಹೆಣ್ಣುಮಕ್ಕಳು ಹೊಲಿಯುತ್ತಿದ್ದಾರೆ.

ವಾಲ್ಟೇರ್: ಒಂದು ಮಾತು, ಸಾವಿರ ಬಾಯಿ

ಈಗ ರೈಲು ಹತ್ತಿ ಉತ್ತರಕ್ಕೆ ಹೋಗೋಣ, ಐದೂವರೆ ತಿಂಗಳು ಮುಂದಕ್ಕೂ ಹೋಗೋಣ.

1921ರ ಸೆಪ್ಟೆಂಬರ್ 14. ಕಲ್ಕತ್ತಾದಿಂದ ಮದ್ರಾಸಿಗೆ ಹೊರಟ ರೈಲು ವಾಲ್ಟೇರ್ ನಿಲ್ದಾಣದಲ್ಲಿ ನಿಂತಿದೆ. ಅದರಲ್ಲಿ ಗಾಂಧೀಜಿ ಇದ್ದಾರೆ, ಮೌಲಾನಾ ಮುಹಮ್ಮದ್ ಅಲಿ ಜೌಹರ್ ಇದ್ದಾರೆ, ಮೌಲಾನಾರ ಪತ್ನಿ ಅಮ್ಜದಿ ಬಾನು ಬೇಗಂ ಇದ್ದಾರೆ. ನಿಲ್ದಾಣದ ಹೊರಗೆ ಜನ ಸೇರಿದ್ದಾರೆ. ಅವರೊಂದಿಗೆ ನಾಲ್ಕು ಮಾತಾಡಲು ಇಬ್ಬರೂ ಇಳಿದು ಹೊರಟಾಗ ಪೊಲೀಸರು ಬಂದು ಮೌಲಾನಾರನ್ನು ಬಂಧಿಸಿ ಕರೆದೊಯ್ದರು.

ಕಾರಣ ಒಂದು ಠರಾವು. ಆ ವರ್ಷದ ಜುಲೈನಲ್ಲಿ ಕರಾಚಿಯ ಖಿಲಾಫತ್ ಸಮ್ಮೇಳನ ಮೌಲಾನಾರ ಅಧ್ಯಕ್ಷತೆಯಲ್ಲಿ ಒಂದು ಮಾತು ಘೋಷಿಸಿತ್ತು: ಬ್ರಿಟಿಷ್ ಸೈನ್ಯದಲ್ಲಿ ದುಡಿಯುವುದು, ಅದಕ್ಕೆ ಜನರನ್ನು ಸೇರಿಸುವುದು ಮುಸ್ಲಿಮರಿಗೆ ಧರ್ಮದ ಪ್ರಕಾರ ನಿಷಿದ್ಧ.

ಈ ಒಂದು ಮಾತಿಗೆ ಸರಕಾರ ಇಷ್ಟು ಹೆದರಿದ್ದೇಕೆ? ಇಲ್ಲಿ ಸ್ವಲ್ಪ ನಿಧಾನಿಸಿ, ಯಾಕೆಂದರೆ ರಾಜಕೀಯ ಬದಲಾವಣೆ ಹೇಗೆ ಕೆಲಸ ಮಾಡುತ್ತದೆ ಎಂಬುದು ಇಲ್ಲಿಯೇ ಇದೆ. ಒಂದು ಸರಕಾರ ಕೋಟೆಯಿಂದಲೋ ಫಿರಂಗಿಯಿಂದಲೋ ನಡೆಯುವುದಿಲ್ಲ. ಫಿರಂಗಿ ತಾನಾಗಿ ಸಿಡಿಯುವುದಿಲ್ಲ. ಕಾಗದ ಬರೆಯುವ ಗುಮಾಸ್ತ, ತೆರಿಗೆ ಕಟ್ಟುವ ರೈತ, ಕೋರ್ಟಿನಲ್ಲಿ ವಾದಿಸುವ ವಕೀಲ, ಅವರ ಬಟ್ಟೆ ಕೊಳ್ಳುವ ಗಿರಾಕಿ, ಬಂದೂಕು ಹಿಡಿಯುವ ಸಿಪಾಯಿ, ಇವರೆಲ್ಲ ದಿನಾ ಬೆಳಗ್ಗೆ ಎದ್ದು 'ಹೂಂ' ಅನ್ನುವುದರಿಂದ ಸರಕಾರ ನಡೆಯುತ್ತದೆ. ಅಸಹಕಾರದ ತತ್ವ ಇಷ್ಟೇ: ಆ 'ಹೂಂ' ಅನ್ನು ಹಿಂದಕ್ಕೆ ತೆಗೆದುಕೊಳ್ಳುವುದು. ಕರಾಚಿಯ ಠರಾವು ಕೈ ಹಾಕಿದ್ದು ಕೊನೆಯವನಿಗೆ, ಸಿಪಾಯಿಗೆ. ಅವನು 'ಊಹೂಂ' ಅಂದರೆ ಎಲ್ಲ ಮುಗಿಯಿತು.

ವಾಲ್ಟೇರ್‌ಗೆ ವಾಪಸ್ ಬರೋಣ. ಮೌಲಾನಾರನ್ನು ಕರೆದೊಯ್ದ ಮೇಲೆ ಏನಾಯಿತು? ಕಲ್ಲು ತೂರಾಟ ಆಗಲಿಲ್ಲ. ಗಾಂಧೀಜಿ ಹೊರಗೆ ಹೋಗಿ, ಕಾಯುತ್ತಿದ್ದ ಜನರೊಂದಿಗೆ ಮಾತಾಡಿ, ಶಾಂತಿಯಿಂದ ಇರಲು ಕೇಳಿ ರೈಲು ಹತ್ತಿದರು. ಬೇಗಂ ಸಾಹೇಬರು ಮನೆಗೆ ಹಿಂತಿರುಗಲಿಲ್ಲ. ಅವರೂ ಮದ್ರಾಸಿಗೆ ಪ್ರಯಾಣ ಮುಂದುವರಿಸಿದರು. ಗಂಡ ಮಾಡಬೇಕಿದ್ದ ಕೆಲಸವನ್ನು ಕೈಗೆತ್ತಿಕೊಂಡು ಚಳವಳಿಯ ಸಭೆಗಳಲ್ಲಿ ಮಾತಾಡಿದರು. ಅವರ ಧೈರ್ಯವನ್ನು ಮೆಚ್ಚಿ ಗಾಂಧೀಜಿ ತಮ್ಮ ಪತ್ರಿಕೆಯಲ್ಲಿ ಬರೆದರು. ಮೌಲಾನಾರ ತಾಯಿ ಬೀ ಅಮ್ಮಾ ಆ ಇಳಿವಯಸ್ಸಿನಲ್ಲೂ ಊರೂರು ಸುತ್ತುತ್ತಿದ್ದರು.

ಅಕ್ಟೋಬರ್ 4ರಂದು ಗಾಂಧೀಜಿ ಸೇರಿದಂತೆ 47 ನಾಯಕರು ಒಂದು ಹೇಳಿಕೆಗೆ ಸಹಿ ಹಾಕಿದರು. ಮೌಲಾನಾ ಯಾವ ಮಾತಿಗಾಗಿ ಜೈಲಿಗೆ ಹೋದರೋ ಅದೇ ಮಾತನ್ನು ಅವರು ಮತ್ತೆ ಹೇಳಿದರು. ಸಿಪಾಯಿ ಆಗಿರಲಿ, ಸರಕಾರಿ ನೌಕರ ಆಗಿರಲಿ, ಈ ಸರಕಾರದ ಜೊತೆ ಸಂಬಂಧ ಕಡಿದುಕೊಳ್ಳುವುದು ಪ್ರತಿಯೊಬ್ಬ ಭಾರತೀಯನ ಕರ್ತವ್ಯ ಅಂದರು. ಅಕ್ಟೋಬರ್ 16ರಂದು ದೇಶದಾದ್ಯಂತ ಕಾಂಗ್ರೆಸ್ ಸಮಿತಿಗಳು ಸಭೆ ಸೇರಿ ಅದೇ ಠರಾವನ್ನು ಅಂಗೀಕರಿಸಿದವು. ಒಬ್ಬ ಹೇಳಿದರೆ ಅಪರಾಧ, ಸರಿ. ಇಷ್ಟು ಜನ ಹೇಳಿದರೆ ಯಾವ ಜೈಲಿಗೆ ಹಾಕೋದು? ಸರಕಾರ ಆ ಹೇಳಿಕೆಯನ್ನೂ ಸಭೆಗಳನ್ನೂ ಕಂಡೂ ಕಾಣದಂತೆ ಸುಮ್ಮನಾಯಿತು.

ಕರಾಚಿಯ ಖಾಲಿಕದಿನಾ ಹಾಲ್‌ನಲ್ಲಿ ವಿಚಾರಣೆ ನಡೆಯಿತು. ಆರೋಪಿಗಳು ಏಳು ಜನ. ಅಲಿ ಸಹೋದರರು, ಮೌಲಾನಾ ಹುಸೇನ್ ಅಹ್ಮದ್ ಮದನಿ, ಸೈಫುದ್ದೀನ್ ಕಿಚ್ಲೂ ಮುಂತಾದವರ ಜೊತೆ ಶಂಕರಾಚಾರ್ಯ ಭಾರತಿ ಕೃಷ್ಣ ತೀರ್ಥರೂ ಕಟಕಟೆಯಲ್ಲಿದ್ದರು. ನವೆಂಬರ್ 1ರಂದು ಶಂಕರಾಚಾರ್ಯರು ಬಿಡುಗಡೆಯಾದರು, ಉಳಿದ ಆರು ಮಂದಿಗೆ ಎರಡು ವರ್ಷ ಕಠಿಣ ಶಿಕ್ಷೆ.

ಸಫ್‌ನ ಪಾಠ

ನಮ್ಮ ಮಸೀದಿಯಲ್ಲಿ ದಿನಕ್ಕೆ ಐದು ಸಲ ನಡೆಯುವ ಒಂದು ಸಂಗತಿಯನ್ನು ನೆನಪಿಸಿಕೊಳ್ಳಿ. ಜಮಾತ್ ನಮಾಝಿನಲ್ಲಿ ಸಫ್‌ನಿಂದ, ಅಂದರೆ ಸಾಲಿನಿಂದ, ಒಬ್ಬ ಹೊರಗೆ ಹೋದರೆ ಪಕ್ಕದವನು ಸರಿದು ಆ ಜಾಗ ತುಂಬುತ್ತಾನೆ. ನಮಾಝಿನ ನಡುವೆ ಇಮಾಮರ ವುಝೂ ಮುರಿದರೆ? ಫಿಕ್ಹ್‌ನಲ್ಲಿ ಅದಕ್ಕೂ ದಾರಿ ಇದೆ. ಹಿಂದಿನ ಸಾಲಿನ ಒಬ್ಬರು ಮುಂದೆ ಬಂದು ಉಳಿದ ನಮಾಝ್ ಪೂರ್ತಿ ಮಾಡಿಸುತ್ತಾರೆ. ಹಝ್ರತ್ ಉಮರ್ ಅವರಿಗೆ ಫಜ್ರ್ ನಮಾಝಿನಲ್ಲಿ ಇರಿತವಾದಾಗ ಅಬ್ದುರ್ರಹ್ಮಾನ್ ಇಬ್ನ್ ಔಫ್ ಅವರನ್ನು ಮುಂದಕ್ಕೆ ಎಳೆದು ನಿಲ್ಲಿಸಿದರು, ನಮಾಝ್ ನಿಲ್ಲಲಿಲ್ಲ. ಖಲೀಫರೇ ಬಿದ್ದಾಗಲೂ!

ವಾಲ್ಟೇರ್‌ನಲ್ಲಿ ನಡೆದದ್ದೂ ಅದೇ. ಮುಂದೆ ನಿಂತವರನ್ನು ಕೊಂಡೊಯ್ದರು, ಹಿಂದಿನ ಸಾಲು ಮುಂದೆ ಬಂತು. ಇಲ್ಲಿಂದ ನಾನು ಕಲಿತದ್ದು ಇದು: ಬದಲಾವಣೆಯ ಕೆಲಸದಲ್ಲಿ ವ್ಯಕ್ತಿಯ ಪಾತ್ರ ಅಂದರೆ ತನ್ನ ಬಿಟ್ಟು ಕೆಲಸವೇ ಇಲ್ಲ ಎನ್ನುವಂತಾಗುವುದಲ್ಲ. ತನ್ನ ಪಾಲನ್ನು ತಾನೇ ಹೊಣೆ ಹೊತ್ತು ಮಾಡುವುದು, ಮತ್ತು ತಾನಿಲ್ಲದ ದಿನ ಇನ್ನೊಬ್ಬರು ಅದನ್ನು ಎತ್ತಿಕೊಳ್ಳುವಂತೆ ಮಾಡಿಡುವುದು.

ಇದನ್ನು 'ನಾನಿಲ್ಲದಿದ್ದರೂ ನಡೆಯುತ್ತೆ, ಬಿಡಿ' ಅಂತ ಅರ್ಥ ಮಾಡಿಕೊಳ್ಳಬೇಡಿ. ಫರ್ಜ್ ಕಿಫಾಯಾ ಬಗ್ಗೆ ಮದ್ರಸದಲ್ಲಿ ಓದಿರುತ್ತೀರಿ. ಕೆಲವರು ಮಾಡಿದರೆ ಎಲ್ಲರ ಹೊಣೆ ಇಳಿಯುತ್ತದೆ, ಯಾರೂ ಮಾಡದಿದ್ದರೆ ಎಲ್ಲರೂ ತಪ್ಪಿತಸ್ಥರು. ನಾವು ಮೊದಲ ಅರ್ಧವನ್ನು ಮಾತ್ರ ನೆನಪಿಡ್ತೀವಿ, ಅಲ್ವಾ?

ಬೆಟ್ಟದ ಕಡೆ ಒಂದು ನೋಟ

ವಿಶಾಖಪಟ್ಟಣದ ಮಾತು ಬಂದರೆ ಅಲ್ಲೂರಿ ಸೀತಾರಾಮ ರಾಜು ಅವರನ್ನು ಬಿಡುವ ಹಾಗಿಲ್ಲ. 1882ರ ಮದ್ರಾಸ್ ಅರಣ್ಯ ಕಾಯ್ದೆ ಬೆಟ್ಟದ ಆದಿವಾಸಿಗಳ ಪೋಡು ಬೇಸಾಯಕ್ಕೆ ಕಡಿವಾಣ ಹಾಕಿತ್ತು. ರಸ್ತೆ ಕೆಲಸಕ್ಕೆ ಅವರನ್ನು ಎಳೆದೊಯ್ದು ಸರಿಯಾದ ಕೂಲಿಯನ್ನೂ ಕೊಡುತ್ತಿರಲಿಲ್ಲ. 1922ರ ಆಗಸ್ಟ್‌ನಲ್ಲಿ ರಾಜು ಮತ್ತು ಸಂಗಡಿಗರು ಚಿಂತಪಲ್ಲಿ, ಕೃಷ್ಣದೇವಿಪೇಟೆ, ರಾಜವೊಮ್ಮಂಗಿ ಠಾಣೆಗಳ ಮೇಲೆ ಒಂದಾದ ಮೇಲೊಂದು ದಿನ ದಾಳಿ ಮಾಡಿ ಬಂದೂಕುಗಳನ್ನು ಹೊತ್ತೊಯ್ದರು. ಸುಮಾರು ಎರಡು ವರ್ಷ ಸರಕಾರಕ್ಕೆ ನಿದ್ದೆ ಇರಲಿಲ್ಲ. 1924ರ ಮೇ 7ರಂದು ರಾಜು ಸಿಕ್ಕಿಬಿದ್ದರು, ಅವರನ್ನು ಗುಂಡಿಟ್ಟು ಕೊಂದರು. ಅವರ ಸಂಗಡಿಗ ಗಾಂ ಗಂಟಂ ದೊರ ಕೆಲವೇ ವಾರಗಳಲ್ಲಿ ಬಲಿಯಾದರು. ಬಂಡಾಯ ಅಲ್ಲಿಗೆ ಆರಿತು.

ಆ ಧೈರ್ಯದ ಮುಂದೆ ನಿಂತು ಮಾತಾಡುವ ಯೋಗ್ಯತೆ ನನಗಿಲ್ಲ. ಆದರೂ ಪಾಠ ಪಾಠವೇ. ಗುಟ್ಟಾಗಿ ನಡೆಯಬೇಕಾದ, ಒಬ್ಬರ ವ್ಯಕ್ತಿತ್ವದ ಮೇಲೆ ನಿಂತ, ಬೆಟ್ಟದ ಹೊರಗಿನ ಸಾಮಾನ್ಯ ಜನ ತಮ್ಮ ಪಾಲು ಸೇರಿಸಲು ದಾರಿಯಿಲ್ಲದ ಹೋರಾಟ, ಆ ಒಬ್ಬರು ಬಿದ್ದ ದಿನ ನಿಲ್ಲುತ್ತದೆ. ಈ ಕಥೆಗೆ ಒಂದು ಕೊನೆಯ ಪುಟ ಇದೆ, ಅದನ್ನು ಬಹಳ ಜನ ಓದುವುದಿಲ್ಲ. ಗಂಟಂ ದೊರ ಅವರ ಸೋದರ ಗಾಂ ಮಲ್ಲು ದೊರ ವರ್ಷಗಟ್ಟಲೆ ಸೆರೆವಾಸ ಅನುಭವಿಸಿ ಬಂದರು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ವಿಶಾಖಪಟ್ಟಣದಿಂದ ಲೋಕಸಭೆಗೆ ಆಯ್ಕೆಯಾದರು. ಬಂದೂಕಿನ ಬಂಡಾಯಗಾರನನ್ನು ಮತದ ಚೀಟಿ ಸಂಸತ್ತಿಗೆ ಕಳಿಸಿತು. ಆ ಚೀಟಿಯನ್ನು ಹಾಕಿದವರು ಹೆಸರಿಲ್ಲದ ಸಾವಿರಾರು ಮಂದಿ.

1921 ಕೂಡ ಎಡವಿತು

ಹಾಗಾದರೆ ಬೆಜವಾಡದ ದಾರಿ ಗೆದ್ದಿತೇ? ಆ ಕಥೆಯೂ ಸಲೀಸಾಗಿಲ್ಲ. 1922ರ ಫೆಬ್ರವರಿಯಲ್ಲಿ ಚೌರಿಚೌರಾದಲ್ಲಿ ಜನ ಪೊಲೀಸ್ ಠಾಣೆಗೆ ಬೆಂಕಿ ಇಟ್ಟು ಪೊಲೀಸರನ್ನು ಕೊಂದರು. ಗಾಂಧೀಜಿ ಚಳವಳಿಯನ್ನೇ ನಿಲ್ಲಿಸಿದರು. ಅವರ ತೀರ್ಮಾನ ಸರಿಯೋ ತಪ್ಪೋ, ಇಂದಿಗೂ ಚರ್ಚೆ ಇದೆ. ನನ್ನ ಮಾತು ಬೇರೆ: ಲಕ್ಷಾಂತರ ಜನ ನಾಲ್ಕಾಣೆ ಕೊಟ್ಟು ಕಟ್ಟಿದ ಚಳವಳಿಯ ಬೀಗದ ಕೈ ಒಬ್ಬರ ಬಳಿ ಇತ್ತು. ಜೈಲಿನಲ್ಲಿದ್ದ ಅನೇಕ ನಾಯಕರು ಸುದ್ದಿ ಕೇಳಿ ದಿಗ್ಭ್ರಮೆಗೊಂಡರು.

ಖಿಲಾಫತ್‌ಗೆ ಇನ್ನೂ ದೊಡ್ಡ ಪೆಟ್ಟು ಬಿತ್ತು. 1924ರ ಮಾರ್ಚ್ 3ರಂದು ತುರ್ಕಿಯವರೇ ಖಿಲಾಫತ್ ರದ್ದು ಮಾಡಿದರು. ನಮ್ಮ ಹಿರಿಯರು ಯಾವುದನ್ನು ಉಳಿಸಲು ಜೈಲಿಗೆ ಹೋದರೋ ಅದರ ಅಳಿವು ಉಳಿವು ಅಂಕಾರಾದವರ ಕೈಯಲ್ಲಿತ್ತು. ಹಿಂದೂ ಮುಸ್ಲಿಂ ಒಗ್ಗಟ್ಟೂ ಮುಂದಿನ ವರ್ಷಗಳಲ್ಲಿ ಒಡೆಯಿತು. ಇದನ್ನು ಮುಚ್ಚಿಟ್ಟು ನಿಮಗೆ ಹುಮ್ಮಸ್ಸು ತುಂಬಿದರೆ ನಾನು ಒಳ್ಳೆಯ ಮೇಷ್ಟ್ರಲ್ಲ.

ಆದರೆ ಏನು ಉಳಿಯಿತು ಅಂತಲೂ ನೋಡಬೇಕು. ಮೂರು ಉದಾಹರಣೆ ಕೊಡ್ತೀನಿ.

ಒಂದು: ಶಿಕ್ಷೆಯ ಕಾಲದಲ್ಲಿ ಮೌಲಾನಾರನ್ನು ನಮ್ಮ ಬಿಜಾಪುರದ, ಅಂದರೆ ಇಂದಿನ ವಿಜಯಪುರದ, ಜೈಲಿನಲ್ಲಿ ಇಟ್ಟಿದ್ದರು. ಅಲ್ಲಿ ಅವರು ಗಝಲ್ ಬರೆದರು, 1923ರಲ್ಲಿ ತಮ್ಮ ಆತ್ಮಕಥೆಯ ಒಂದು ತುಣುಕನ್ನೂ ಬರೆದರು. ಕರ್ನಾಟಕದ ಜೈಲಿನಲ್ಲಿ ಹುಟ್ಟಿದ ಆ ಪುಸ್ತಕ ಇಂದಿಗೂ ಓದಲು ಸಿಗುತ್ತದೆ.

ಎರಡು: ಅದೇ 1923ರ ಡಿಸೆಂಬರ್‌ನಲ್ಲಿ ವಿಜಯವಾಡ ಮತ್ತು ವಿಶಾಖಪಟ್ಟಣದ ನಡುವಿನ ಕಾಕಿನಾಡದಲ್ಲಿ ಕಾಂಗ್ರೆಸ್ ಅಧಿವೇಶನ. ಅಧ್ಯಕ್ಷರು ಮೌಲಾನಾ ಮುಹಮ್ಮದ್ ಅಲಿ. ಎರಡು ವರ್ಷದ ಹಿಂದೆ ಇದೇ ಕರಾವಳಿಯಲ್ಲಿ ಬಂಧಿತರಾಗಿದ್ದವರು! ಅಲ್ಲಿಗೆ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್ ಬಂದಿದ್ದರು. ಆ ವರ್ಷ ನಾಗಪುರದ ಝಂಡಾ ಸತ್ಯಾಗ್ರಹದಲ್ಲಿ ಬೆಜವಾಡದ ಬಾವುಟ ಹಿಡಿದು ಜೈಲಿಗೆ ಹೋದ ಅವರೂ ಅವರ ಹುಬ್ಬಳ್ಳಿಯ ಸಂಗಡಿಗರೂ ಕ್ಷಮೆ ಕೇಳಲು ಒಪ್ಪಿರಲಿಲ್ಲ. ಕಾಕಿನಾಡದಲ್ಲಿ ಅವರು ಕಟ್ಟಿದ್ದೇ ಹಿಂದೂಸ್ತಾನಿ ಸೇವಾ ದಳ. ಉದ್ದೇಶ ಸರಳ: ನಾಯಕರು ಬರಲಿ ಹೋಗಲಿ, ಕೆಲಸ ಕಲಿತ ಸ್ವಯಂಸೇವಕರು ಇರಬೇಕು. ಮರುವರ್ಷ ಬೆಳಗಾವಿ ಅಧಿವೇಶನದಲ್ಲಿ ಆ ತರಬೇತಿ ಕೆಲಸಕ್ಕೆ ಬಂತು.

ಮೂರು, ಒಬ್ಬ ಶಿಕ್ಷಕನಾಗಿ ನನಗೆ ಬಹಳ ಹತ್ತಿರದ್ದು: ಜಾಮಿಯಾ ಮಿಲ್ಲಿಯಾ. 1920ರ ಅಕ್ಟೋಬರ್ 29ರಂದು ಅಲೀಗಢದಲ್ಲಿ, ಸರಕಾರದ ಹಣ ಬೇಡ ಎಂದು ಶುರುವಾದ ವಿದ್ಯಾಸಂಸ್ಥೆ. ಮೌಲಾನಾರೇ ಅದರ ಮೊದಲ ಕುಲಪತಿ. ಖಿಲಾಫತ್ ಮುಗಿದ ಮೇಲೆ ಹಣದ ಮೂಲ ಬತ್ತಿತು, ಮುಚ್ಚುವ ಮಾತು ಬಂತು. 1925ರಲ್ಲಿ ಅದು ದೆಹಲಿಗೆ ಬಂತು. 1926ರಲ್ಲಿ ಯುವಕ ಝಾಕಿರ್ ಹುಸೇನ್ ಹೊಣೆ ಹೊತ್ತರು. 1928ರಲ್ಲಿ ಅವರೂ ಸಹ ಶಿಕ್ಷಕರೂ ಒಂದು ಪ್ರತಿಜ್ಞೆ ಮಾಡಿದರು: 20 ವರ್ಷ ಇಲ್ಲೇ ದುಡಿಯುತ್ತೇವೆ, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯುವುದಿಲ್ಲ. ಶುರು ಮಾಡಿದವರು ಹೋದರು, ಕಾರಣವೇ ಹೋಯಿತು, ಶಾಲೆ ಉಳಿಯಿತು. ಯಾಕೆಂದರೆ ಸಾಲಿನಿಂದ ಕೆಲವರು ಮುಂದೆ ಬಂದರು.

ನನ್ನ ಜೇಬಿನ ಬೀಗದ ಕೈ

ಇಷ್ಟೆಲ್ಲ ಬರೆಯಲು ನನಗೊಂದು ಸ್ವಂತ ಕಾರಣವಿದೆ. ಹೇಳಿಬಿಡ್ತೀನಿ.

ನಮ್ಮ ಮೊಹಲ್ಲಾದಲ್ಲಿ ನಾಲ್ಕು ವರ್ಷ ಸಂಜೆ ಒಂದು ತರಗತಿ ನಡೆಸಿದೆ. ಪತ್ರಿಕೆ ಓದುವುದು, ಸಂವಿಧಾನದ ಬಗ್ಗೆ ಮಾತು, ಅರ್ಜಿ ಬರೆಯುವುದು, ಹದಿನೆಂಟು ತುಂಬಿದವರ ಹೆಸರು ಮತದಾರರ ಪಟ್ಟಿಗೆ ಸೇರಿಸುವುದು. ಕೋಣೆ ತೆರೆಯುವವನು ನಾನೇ, ಗುಡಿಸುವವನು ನಾನೇ, ಪಾಠ ಹೇಳುವವನೂ ನಾನೇ. ಜನ ಹೊಗಳುತ್ತಿದ್ದರು: "ಮಾಸ್ಟರ್ ಸಾಬ್ ಇಲ್ಲಾಂದ್ರೆ ಇದೆಲ್ಲ ಆಗ್ತಾನೇ ಇರ್ಲಿಲ್ಲ." ಕೇಳೋಕೆ ಖುಷಿಯಾಗ್ತಿತ್ತು. ಐದನೇ ವರ್ಷ ಕಾಮಾಲೆ ಬಂದು ಎರಡು ತಿಂಗಳು ಮಲಗಿದೆ. ಎದ್ದು ಹೋಗಿ ನೋಡಿದರೆ ಬಾಗಿಲಿಗೆ ಬೀಗ ಹಾಗೇ ಇತ್ತು. ಬೀಗದ ಕೈ ನನ್ನ ಅಂಗಿಯ ಜೇಬಿನಲ್ಲಿತ್ತು. ಎರಡು ತಿಂಗಳಲ್ಲಿ ಒಬ್ಬರೂ ಬಂದು ಅದನ್ನು ಕೇಳಿರಲಿಲ್ಲ. ತಪ್ಪು ಅವರದ್ದಲ್ಲ. ಕೇಳಬೇಕು ಅಂತ ನಾನು ಯಾರಿಗೂ ಅನ್ನಿಸಲು ಬಿಟ್ಟಿರಲಿಲ್ಲ.

ಹೊಗಳಿಕೆ ಅಂತ ಕೇಳಿಸಿಕೊಂಡ ಮಾತು ಅಸಲಿಗೆ ಎಚ್ಚರಿಕೆಯಾಗಿತ್ತು.

ಮೊಹಲ್ಲಾದ ಸಂಜೆ ಕ್ಲಾಸು ಎಲ್ಲಿ, ಬೆಜವಾಡ ಎಲ್ಲಿ ಅಂತ ನಗಬೇಡಿ. ಅಳತೆ ಬೇರೆ, ನಿಯಮ ಒಂದೇ. ಆದ್ದರಿಂದ 'ನಾನೊಬ್ಬ ಏನ್ ಮಾಡೋಕಾಗುತ್ತೆ' ಎಂದು ಕೇಳುವ ವಿದ್ಯಾರ್ಥಿಗೆ ಈಗ ನಾನು ಗಾದೆ ಹೇಳುವುದಿಲ್ಲ. ಮೂರು ಪ್ರಶ್ನೆ ವಾಪಸ್ ಕೇಳುತ್ತೇನೆ.

ಮೊದಲನೆಯದು: ನೀನು ಮಾಡಬೇಕೆಂದಿರುವ ಕೆಲಸ ನಿನ್ನ ಪಕ್ಕದ ಮನೆಯವರೂ ಮಾಡುವಷ್ಟು ಸಣ್ಣದಾಗಿದೆಯಾ? ನಾಲ್ಕಾಣೆಯಷ್ಟು ಸಣ್ಣದು? ಗ್ರಾಮಸಭೆಗೆ ಹೋಗಿ ಕೂರುವುದು, ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ಒಂದು ಪ್ರಶ್ನೆ ಕೇಳುವುದು, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಒಂದು ಅರ್ಜಿ ಹಾಕುವುದು, ಅಮ್ಮನ ಹೆಸರು ಮತದಾರರ ಪಟ್ಟಿಯಲ್ಲಿ ಇದೆಯಾ ಅಂತ ನೋಡುವುದು.

ಎರಡನೆಯದು: ಅದಕ್ಕೆ ನೀನು ನಿನ್ನ ಹೆಸರಿನಲ್ಲೇ ಹೊಣೆ ಹೊರುತ್ತೀಯಾ? ಕರಾಚಿಯ ಕೋರ್ಟಿನಲ್ಲಿ ಯಾರೂ 'ಬೇರೆಯವರು ಹೇಳಿಕೊಟ್ಟರು' ಅನ್ನಲಿಲ್ಲ. ಗುಂಪಿನಲ್ಲಿ ಮುಖ ಮುಚ್ಚಿಕೊಂಡು ಕಲ್ಲೆಸೆಯುವವನು ಬದಲಾವಣೆ ತರುವುದಿಲ್ಲ, ಚೌರಿಚೌರಾದಂತೆ ಅದನ್ನು ನಿಲ್ಲಿಸುತ್ತಾನೆ.

ಮೂರನೆಯದು: ನಾಳೆ ನೀನು ಬರದಿದ್ದರೆ ಬೀಗದ ಕೈ ಯಾರ ಹತ್ತಿರ ಇರುತ್ತೆ?

ಮೂರಕ್ಕೂ ಉತ್ತರ ಇದ್ದರೆ ನೀವು ಹನಿಯೂ ಅಲ್ಲ, ವೀರರೂ ಆಗಬೇಕಿಲ್ಲ. ನೀವು ಸಾಲಿನಲ್ಲಿದ್ದೀರಿ. ದೊಡ್ಡ ಬದಲಾವಣೆ ನಮ್ಮ ಜೀವಮಾನದಲ್ಲಿ ಬರುತ್ತದೋ ಇಲ್ಲವೋ ಅಂತ ಯಾರೂ ಭರವಸೆ ಕೊಡಲಾರರು. 1921ರಲ್ಲಿ ನಾಲ್ಕಾಣೆ ಕೊಟ್ಟ ಎಷ್ಟೋ ಮಂದಿ 1947 ನೋಡಲಿಲ್ಲ.

ನಮ್ಮ ಸಂಜೆ ತರಗತಿ ಮತ್ತೆ ಶುರುವಾಗಿದೆ. ಈಗ ಬೀಗಕ್ಕೆ ಮೂರು ಕೈಗಳಿವೆ. ಒಂದು ಪಿಯುಸಿ ಓದುವ ಹುಡುಗಿಯ ಬಳಿ, ಇನ್ನೊಂದು ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗನ ಬಳಿ, ಮೂರನೆಯದು ಎದುರು ಮನೆಯ ಖಾಲಾ ಬಳಿ. ನನ್ನ ಬಳಿ ಇಲ್ಲ. ಕಳೆದ ವಾರ ನಾನು ತಡವಾಗಿ ಹೋದೆ. ಬಾಗಿಲು ತೆರೆದಿತ್ತು, ಪಾಠ ಅರ್ಧ ಮುಗಿದಿತ್ತು. ಚಪ್ಪಲಿ ಬಿಟ್ಟು ಹಿಂದಿನ ಸಾಲಿನಲ್ಲಿ ಕೂತೆ.